ಎರಡೇ ತಾಟು

ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಜ್‌ಲಿಟ್ 1822ರಲ್ಲಿ ಪ್ರಕಟವಾದ ಪ್ರಯಾಣದ ಕುರಿತಾದ ತನ್ನ ಪ್ರಬಂಧದಲ್ಲಿ, ಕಾಲ್ನಡಿಗೆಗೆ ಒಂಟಿಯಾಗಿಯೇ ಹೊರಡಬೇಕೆಂದು ವಾದಿಸುತ್ತಾನೆ. ಮಾತುಗಾರ ಜೊತೆಗಾರನಿಂದ ದಾರಿಯ ಸುಖ ಕೆಡುತ್ತದೆಂಬುದು ಅವನ ಅಭಿಪ್ರಾಯ. ಒಂದು ವಿಷಯಕ್ಕೆ ಮಾತ್ರ ಅವನು ವಿನಾಯಿತಿ ಕೊಡುತ್ತಾನೆ: ರಾತ್ರಿ ತಂಗುವಲ್ಲಿ ಊಟಕ್ಕೇನು ಎಂಬ ಮಾತು ದಾರಿಯಲ್ಲಿ ಹಿತವೇ. ಎಂ.ಎ. ತರಗತಿಯಲ್ಲಿ ಅಂಕಗಳಿಗಾಗಿ ಓದಿದ್ದ ಈ ವಿನಾಯಿತಿಯ ಅರ್ಥ ನಮಗೆ ತಿಳಿದದ್ದು ಬಹಳ ವರ್ಷಗಳ ಬಳಿಕ, 2018ರ ಡಿಸೆಂಬರಿನಲ್ಲಿ, ರಾಜಗಡದಿಂದ ತೋರಣಾ ಕೋಟೆಗೆ ಸಾಗುವ ಬೆಟ್ಟದ ಏಣಿನ ಮೇಲೆ.

ನಾವೆಂದರೆ ಪುಣೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿದ್ದ ನಾಲ್ವರು ಕನ್ನಡಿಗರು: ಸಿಂದಗಿಯವರು, ಮದ್ದೂರಿನವರು, ಕಾರ್ಕಳದವರು, ಮತ್ತು ಈ ಸಾಲುಗಳನ್ನು ಬರೆಯುತ್ತಿರುವ ಸಾಗರದವರು. ಹೊರನಾಡಿನಲ್ಲಿ ಹೆಸರಿಗಿಂತ ಊರೇ ಬೇಗ ಬಾಯಿಗೆ ಬರುತ್ತದೆಯಾದ್ದರಿಂದ ಹತ್ತು ವರ್ಷ ಒಬ್ಬರನ್ನೊಬ್ಬರು ಊರಿನಿಂದಲೇ ಕರೆದೆವು. ಮಧ್ಯಾಹ್ನ ಒಂದು ಗಂಟೆಗೆ ಒಂದೇ ಮೇಜಿನ ಮೇಲೆ ನಾಲ್ಕು ಡಬ್ಬಿಗಳು ತೆರೆದುಕೊಳ್ಳುತ್ತಿದ್ದವು. ಜೋಳದ ರೊಟ್ಟಿ ಹೆಚ್ಚೋ ರಾಗಿಮುದ್ದೆ ಹೆಚ್ಚೋ ಎಂಬ ವ್ಯಾಜ್ಯ ಸಿಂದಗಿ ಮತ್ತು ಮದ್ದೂರಿನವರ ನಡುವೆ ದಿನವೂ ನಡೆಯುತ್ತಿತ್ತು; ತೀರ್ಪು ಬರಬಾರದೆಂಬುದೇ ನಮ್ಮೆಲ್ಲರ ಆಸೆಯಾಗಿತ್ತು.

ಆ ವರ್ಷದ ಏಪ್ರಿಲ್‌ನಲ್ಲಿ ಬಡ್ತಿಯ ಪಟ್ಟಿ ಹೊರಬಿತ್ತು. ಮದ್ದೂರಿನವರ ಹೆಸರು ಅದರಲ್ಲಿತ್ತು, ಸೇವೆಯಲ್ಲಿ ಅವರಿಗಿಂತ ಹಿರಿಯರಾದ ಸಿಂದಗಿಯವರದು ಇರಲಿಲ್ಲ. ಪಟ್ಟಿಯನ್ನು ಮದ್ದೂರಿನವರು ಬರೆದಿರಲಿಲ್ಲ, ಬರೆಸಿಯೂ ಇರಲಿಲ್ಲ. ಆದರೆ ಸುದ್ದಿ ಅವರಿಗೆ ಎರಡು ವಾರ ಮೊದಲೇ ತಿಳಿದಿತ್ತು. ನಮಗಿಬ್ಬರಿಗೂ, ಅಂದರೆ ಕಾರ್ಕಳ ಮತ್ತು ಸಾಗರದವರಿಗೂ ತಿಳಿದಿತ್ತು. ಆ ಎರಡು ವಾರವೂ ಸಿಂದಗಿಯವರ ಶೇಂಗಾ ಹಿಂಡಿಯನ್ನು ತಿನ್ನುತ್ತ ನಾವು ಮೂವರೂ ಸುಮ್ಮನಿದ್ದೆವು. ಅವರು ಅದನ್ನು ಓದಿದ್ದು ಸೂಚನಾ ಫಲಕದ ಮುಂದೆ, ಹತ್ತು ಜನರ ನಡುವೆ ನಿಂತು. ಮರುದಿನ ಅವರ ಡಬ್ಬಿ ಬೇರೆ ಮೇಜಿಗೆ ಹೋಯಿತು. ನಮ್ಮಿಬ್ಬರೊಡನೆ ಕೆಲಸದ ಮಾತು ಉಳಿಯಿತು. ಮದ್ದೂರಿನವರೊಡನೆ ಅದೂ ಉಳಿಯಲಿಲ್ಲ.

ರಾಜಗಡ, ತೋರಣಾ, ರಾಯಗಡಗಳನ್ನು ಒಂದೇ ನಡಿಗೆಯಲ್ಲಿ ಮುಗಿಸುವ ಯೋಜನೆ ಅದಕ್ಕೂ ಹಿಂದಿನದು. ರಜೆ ಮಂಜೂರಾಗಿತ್ತು. ಇಬ್ಬರಲ್ಲಿ ಒಬ್ಬರಾದರೂ ಬರುವುದಿಲ್ಲವೆನ್ನುವರೆಂದು ಕಾದೆವು, ಇಬ್ಬರೂ ಅನ್ನಲಿಲ್ಲ. ಯಾರು ಏನು ಹೊರಬೇಕೆಂಬುದನ್ನು ನಾವೇ ನಡುವೆ ಓಡಾಡಿ ಗೊತ್ತುಮಾಡಿದೆವು. ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ ಮತ್ತು ಹಿಂಡಿ ಸಿಂದಗಿಯವರ ಚೀಲಕ್ಕೆ. ಒಲೆಯ ಹಂಗಿಲ್ಲದ ರಾಗಿಯ ಹುರಿಹಿಟ್ಟು ಮತ್ತು ಬೆಲ್ಲ ಮದ್ದೂರಿನವರ ಚೀಲಕ್ಕೆ. ಅವಲಕ್ಕಿ, ಮಿಡಿ ಉಪ್ಪಿನಕಾಯಿ, ಚಹಾದ ಸಾಮಾನು ನಮ್ಮಿಬ್ಬರಿಗೆ.

ಮೊದಲ ದಿನ ಗುಂಜವಣೆಯಿಂದ ರಾಜಗಡ ಹತ್ತಿ, ಪದ್ಮಾವತಿ ಗುಡಿಯಲ್ಲಿ ಮಲಗಿದೆವು. ರಾಯಗಡಕ್ಕೆ ಹೋಗುವ ಮೊದಲು ಸುಮಾರು ಕಾಲು ಶತಮಾನ ಶಿವಾಜಿಯ ರಾಜಧಾನಿಯಾಗಿದ್ದ ಕೋಟೆ ಅದು. ಎರಡನೆಯ ದಿನ ನಸುಕಿನಲ್ಲೇ ಸಂಜೀವನಿ ಮಾಚಿಯ ಜೋಡಿಗೋಡೆಗಳ ನಡುವೆ ನಡೆದು, ಆಳು ದರವಾಜಾದಿಂದ ಹೊರಬಿದ್ದು ಇಳಿಯತೊಡಗಿದೆವು. ಸಡಿಲ ಕಲ್ಲಿನ ಕಡಿದಾದ ಇಳಿಜಾರು. ಅಲ್ಲಿ ಮದ್ದೂರಿನವರು ಜಾರಿದರು. ಪೆಟ್ಟೇನೂ ಆಗಲಿಲ್ಲವೆಂದು ಎದ್ದು ಮಣ್ಣು ಕೊಡವಿಕೊಂಡರು. ಅವರ ಚೀಲದ ಪಕ್ಕದ ಜೇಬುಗಳಿಂದ ನೀರಿನ ಎರಡೂ ಬಾಟಲಿಗಳು ಕಣಿವೆಗೆ ಉರುಳಿದ್ದನ್ನು ನಾವು ಕಾಣಲಿಲ್ಲ, ಅವರೂ ಹೇಳಲಿಲ್ಲ.

ಏಣಿನ ಮೇಲೆ ನೆರಳು ಕಡಿಮೆ. ಕಾರ್ವಿ ಪೊದೆಗಳು ಮೈ ತರಚುತ್ತವೆ. ಒಂದು ದಿಬ್ಬ ಹತ್ತಿದರೆ ಅದರ ಹಿಂದೆ ಇನ್ನೊಂದು ಕಾದಿರುತ್ತದೆ. ಹನ್ನೊಂದರ ಹೊತ್ತಿಗೆ ಮದ್ದೂರಿನವರು ಹಿಂದುಳಿದರು. ವಯಸ್ಸಾಯಿತೆಂದು ಕಾರ್ಕಳದವರು ಚೇಷ್ಟೆ ಮಾಡಿದರು. ಸಿಂದಗಿಯವರು ಮಾತ್ರ ನಿಂತು, ತಿರುಗಿ ನೋಡಿ, ಬಂದ ದಾರಿಯಲ್ಲೇ ಕೆಳಗಿಳಿದು ಹೋದರು. ನಾವು ತಲುಪುವಷ್ಟರಲ್ಲಿ ಮದ್ದೂರಿನವರು ಮೀನಖಂಡ ಹಿಡಿದು ಕುಳಿತಿದ್ದರು. ಅವರ ಕೈಯಲ್ಲಿ ಸಿಂದಗಿಯವರ ಬಾಟಲಿ ಇತ್ತು. ಯಾರೂ ಏನೂ ಆಡಿರಲಿಲ್ಲ. ಹೇಗೆ ತಿಳಿಯಿತೆಂದು ಆಮೇಲೆ ಕೇಳಿದಾಗ ಸಿಂದಗಿಯವರು ನಮಗೆ ಹೇಳಿದರು: "ಆ ಮನಷ್ಯಾ ತುತ್ತಿಗೊಮ್ಮೆ ನೀರು ಕುಡಿಯಾಂವ. ಮುಂಜಾನಿಂದ ಒಮ್ಮೆನೂ ಬಾಟ್ಲಿ ಎತ್ತಿಲ್ಲ." ಎಂಟು ತಿಂಗಳು ಮುಖ ನೋಡದವರ ಕಣ್ಣಿಗೆ ಬಿದ್ದದ್ದು, ಪಕ್ಕದಲ್ಲೇ ನಡೆದ ನಮಗೆ ಕಾಣಿಸಿರಲಿಲ್ಲ.

ರಸ್ತೆಯೊಂದು ಏಣನ್ನು ದಾಟುವ ಕಣಿವೆಬಾಯಿಯನ್ನು ಕಳೆದ ಮೇಲೆ ಒಂದು ಒಂಟಿಮನೆ ಸಿಕ್ಕಿತು. ಅಂಗಳದಲ್ಲಿ ಎಮ್ಮೆ, ಒಳಗೆ ಒಬ್ಬ ಆಜಿ. ಮೊದಲು ನೀರು, ಆಮೇಲೆ ಮಜ್ಜಿಗೆ ಕೊಟ್ಟರು. ಊಟವಾಗುವುದೇ ಎಂದು ನಮ್ಮ ಹರಕು ಮರಾಠಿಯಲ್ಲಿ ಕೇಳಿದೆವು. ಸ್ವಲ್ಪ ಹೊತ್ತಿಗೆ ನಾಚಣಿಯ ಭಾಕರಿ, ಪಿಠಲ, ಹಸಿಮೆಣಸಿನಕಾಯಿಯ ಠೇಚಾ, ಒಡೆದ ಈರುಳ್ಳಿ ಬಂದವು. ತಾಟುಗಳು ಮಾತ್ರ ಎರಡೇ. ಕುಳಿತ ಸಾಲಿನಂತೆ ಆಜಿ ಇಬ್ಬಿಬ್ಬರ ನಡುವೆ ಒಂದೊಂದನ್ನು ಇಟ್ಟುಬಿಟ್ಟರು. ಒಂದು ನಮ್ಮಿಬ್ಬರ ಮುಂದೆ, ಇನ್ನೊಂದು ಸಿಂದಗಿ ಮತ್ತು ಮದ್ದೂರಿನವರ ಮುಂದೆ.

ನಾವು ತಲೆ ತಗ್ಗಿಸಿ ತಿನ್ನತೊಡಗಿದೆವು. ಆ ಕಡೆ ಭಾಕರಿ ಮುರಿದ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಮದ್ದೂರಿನವರು, ಯಾರಿಗೆಂದು ಗೊತ್ತಾಗದಂತೆ ನುಡಿದರು: "ಚಿನ್ನದಂಥ ರಾಗಿ. ಹಿಂಗೆ ಸುಟ್ಟಾಕ್ಬುಟ್ರೆ ಹೆಂಗೆ? ಮುದ್ದೆ ಮಾಡ್ಬೇಕಿತ್ತು."

ಪಿಠಲದಲ್ಲಿದ್ದ ಕೈ ತೆಗೆಯದೆ ಸಿಂದಗಿಯವರು ಉತ್ತರಿಸಿದರು: "ನಮ್ಮ ಕಡೆ ಇದಕ್ಕ ಝುಣಕ ಅಂತಾರ. ಝುಣಕದ ಜೋಡಿ ಮುದ್ದಿ ತಿನ್ನೋದು ಹಲ್ಲು ಬಿದ್ದವರು."

ಕಾರ್ಕಳದವರಿಗೆ ನೆತ್ತಿಗೇರಿತು. ಕೆಮ್ಮುವುದೋ ನಗುವುದೋ ತಿಳಿಯದೆ ಅವರು ಒದ್ದಾಡಿದ್ದನ್ನು ಕಂಡು ಆಜಿ ಠೇಚಾ ಖಾರವಾಯಿತೆಂದು ಇನ್ನಷ್ಟು ಮಜ್ಜಿಗೆ ತಂದರು. ಹಳೆಯ ವ್ಯಾಜ್ಯ ಎಂಟು ತಿಂಗಳ ವಾಯಿದೆಯ ನಂತರ ಮತ್ತೆ ವಿಚಾರಣೆಗೆ ಬಂದಿತ್ತು. ಹೊರಡುವಾಗ ಆಜಿ ಊಟದ ಹಣ ಎಣಿಸಿ ತೆಗೆದುಕೊಂಡರು, ಮಜ್ಜಿಗೆಯದನ್ನು ಹಿಂದಿರುಗಿಸಿದರು. ನಮ್ಮ ಬಾಟಲಿಗಳನ್ನೆಲ್ಲ ತುಂಬಿಸಿ, ಮದ್ದೂರಿನವರಿಗೆ ಹಳೆಯ ಪ್ಲಾಸ್ಟಿಕ್ ಡಬ್ಬವೊಂದರಲ್ಲಿ ನೀರು ಕೊಟ್ಟರು.

ಇಳಿಬಿಸಿಲಿನಲ್ಲಿ ಬುಧಲಾ ಮಾಚಿಯ ಕೆಳಗೆ ತಲುಪಿದೆವು. ಕವುಚಿಟ್ಟ ಎಣ್ಣೆಯ ಬುದ್ದಲಿಯಂತೆ ಕಾಣುವ ಬಂಡೆಯಿಂದ ಅದಕ್ಕೆ ಆ ಹೆಸರು. ನಮ್ಮ ಬುದ್ದಲಿಯೇ ಅಲ್ಲಿನ ಬುಧಲಾ. ತೋರಣಾ 1,403 ಮೀಟರ್ ಎತ್ತರವಿದೆ. ಆ ರಾತ್ರಿ ಮೆಂಗಾಯಿ ದೇವಿಯ ಗುಡಿಯಲ್ಲಿ ಹುರಿಹಿಟ್ಟಿಗೆ ಬೆಲ್ಲ ಕಲಸಿ ಮದ್ದೂರಿನವರು ನಾಲ್ಕು ಉಂಡೆ ಕಟ್ಟಿದರು. ಮೊದಲ ಉಂಡೆಯನ್ನು ಸಿಂದಗಿಯವರ ಮುಂದೆ ಹಿಡಿದು, "ಗೊತ್ತಾದ ದಿನಾನೇ ನಿಮಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ," ಎಂದರು.

ಸಿಂದಗಿಯವರು ಉಂಡೆ ತೆಗೆದುಕೊಂಡರು. "ಪಟ್ಟಿ ನೀವು ಬರದದ್ದಲ್ಲ, ಬಿಡ್ರಿ. ಆದರ ಅಲ್ಲಿ ನಿಂತು ಓದೋಹೊತ್ತಿಗೆ ಮೂರೂ ಮಂದಿಗೆ ಮೊದಲ ಗೊತ್ತಿತ್ತು ಅಂತ ತಿಳೀತಲ್ಲ, ಅದು ಇನ್ನೂ ಚುಚ್ಚತೈತಿ."

ಮೂರೂ ಮಂದಿ ಎಂದಾಗ ಅವರು ನಮ್ಮಿಬ್ಬರ ಕಡೆಗೆ ನೋಡಿದರು. ಅಷ್ಟು ದಿನ ಜಗಳ ಅವರಿಬ್ಬರದೆಂದೂ ನಾವು ಸಂಧಾನದವರೆಂದೂ ಭಾವಿಸಿಕೊಂಡಿದ್ದೆವು. ನಮ್ಮಿಂದಲೂ ತಪ್ಪಾಯಿತೆಂದು ಹೇಳಲು ಆ ಕತ್ತಲೆ ಅನುಕೂಲವಾಯಿತು. ಅವರು ಆಗಲಿ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ನಾಳೆಯ ತಿಂಡಿಗೆ ಏನಿದೆಯೆಂದು ಕೇಳಿದರು. ಅವಲಕ್ಕಿ ಎಂದೆವು.

ಮುಂದಿನ ಎರಡು ದಿನಗಳಲ್ಲಿ ರಾಯಗಡ ತಲುಪಿದೆವು. ಬಡ್ತಿಯ ಪಟ್ಟಿ ಬದಲಾಗಲಿಲ್ಲ. ಸಿಂದಗಿಯವರ ಮನವಿ ಬಹುಕಾಲ ಕಡತದಲ್ಲೇ ಇತ್ತು. ಈಗ ವರ್ಗಾವಣೆಯಿಂದ ಒಬ್ಬರು ದೆಹಲಿಯಲ್ಲಿ, ಇನ್ನೊಬ್ಬರು ಹೈದರಾಬಾದಿನಲ್ಲಿದ್ದಾರೆ. ಆದರೆ ನಡಿಗೆ ಮುಗಿಸಿ ಬಂದ ಸೋಮವಾರ ಒಂದು ಗಂಟೆಗೆ ಆ ಡಬ್ಬಿ ನಮ್ಮ ಮೇಜಿಗೆ ಮರಳಿತ್ತು. ಚೀಲದಲ್ಲಿ ಉಳಿದು ಪುಡಿಯಾಗಿದ್ದ ರೊಟ್ಟಿಗೆ ಮೊಸರು ಕಲಸಿ ತಂದಿದ್ದರು. "ಹಿಂಡಿ ಖಾರ ಆಗೇದ," ಎಂದು ಸಿಂದಗಿಯವರು ನೀರಿನ ಲೋಟವನ್ನು ಮದ್ದೂರಿನವರ ಕಡೆಗೆ ಸರಿಸಿದರು.