ಬಸ್ಕಿಯ ಲೆಕ್ಕ

ನಿವೃತ್ತ ಗಣಿತದ ಮಾಸ್ತರನೊಬ್ಬ ವಾರಕ್ಕೆ ಮೂರು ದಿನ ಬೆಳಗಿನ ಆರು ಗಂಟೆಗೆ ಬೂಟು ಕಟ್ಟಿಕೊಂಡು, ಬ್ರಹ್ಮಪುರದ ಓಣಿಗಳನ್ನು ಹಾಯ್ದು ವ್ಯಾಯಾಮಶಾಲೆಗೆ ಹೋಗುತ್ತಾನೆಂಬ ಸುದ್ದಿ ನಿಮ್ಮಲ್ಲಿ ಕೆಲವರಿಗೆ ತಲುಪಿದೆ. ದೂರವಾಣಿಯಲ್ಲಿ ವಿಚಾರಿಸಿದವರಿದ್ದಾರೆ, ನಕ್ಕವರಿದ್ದಾರೆ, ಗದರಿಸಿದವರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವುದಕ್ಕಿಂತ ಒಮ್ಮೆಗೇ ಬರೆದುಬಿಡುವುದು ಲೇಸೆಂದು ಈ ಲೇಖನ.

2023ರ ಆಷಾಢದ ಒಂದು ರಾತ್ರಿ. ಹೊರಗೆ ಜಿಟಿಜಿಟಿ ಮಳೆ. ನನ್ನ ಮಡದಿ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದಳು. ದೇವರು ದೊಡ್ಡವನು, ಮೂಳೆ ಮುರಿಯಲಿಲ್ಲ. ಆದರೆ ಮೊಣಕಾಲು ನೋವಿನ ಆಕೆಗೆ ತಾನಾಗಿ ಏಳಲು ಆಗಲಿಲ್ಲ. ನಾನು ಎತ್ತಲು ಬಗ್ಗಿದೆ. ಎರಡೂ ತೋಳುಗಳಲ್ಲಿ ಹಿಡಿದು ಎಳೆದೆ. ಆಕೆ ಏಳಲಿಲ್ಲ, ಬದಲಿಗೆ ನಾನೇ ಪಕ್ಕದಲ್ಲಿ ಕುಸಿದು ಕುಳಿತೆ. ಆಮೇಲೆ ನನಗೂ ಏಳಲಾಗಲಿಲ್ಲ. ಒದ್ದೆ ನೆಲದ ಮೇಲೆ ಇಬ್ಬರೂ ಎದುರುಬದುರಾಗಿ ಕುಳಿತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. 'ಯಾರನ್ನರೆ ಕರೀರಿ' ಎಂದಳು. ನಾನು ಗೋಡೆಗೆ ಕೈಯೂರಿ ತೆವಳಿಕೊಂಡು ಬಾಗಿಲಿಗೆ ಬಂದು ಪಕ್ಕದ ಮನೆಯವರನ್ನು ಕೂಗಿದೆ. ಅವರ ಮಗ ಬಂದು ಮೊದಲು ಆಕೆಯನ್ನೂ ಅನಂತರ ನನ್ನನ್ನೂ ಎತ್ತಿ ನಿಲ್ಲಿಸಿದ. ಆ ಹುಡುಗನಿಗೆ ಅದು ಎರಡು ನಿಮಿಷದ ಕೆಲಸ. ನನಗೆ ಮಾತ್ರ ಅಂದು ಬೆಳಗಾಗುವವರೆಗೆ ನಿದ್ರೆ ಬರಲಿಲ್ಲ.

ವೈದ್ಯರು ಪರೀಕ್ಷಿಸಿ, ನನಗೆ ರೋಗವೇನೂ ಇಲ್ಲ, ತೊಡೆಯ ಸ್ನಾಯು ಕರಗಿದೆ ಎಂದರು. ವಯಸ್ಸಾದಂತೆ ಮಾಂಸಖಂಡ ಕ್ಷೀಣಿಸುವುದಕ್ಕೆ 'ಸಾರ್ಕೋಪೀನಿಯಾ' ಎಂಬ ಹೆಸರಿದೆಯಂತೆ. ಗ್ರೀಕ್ ಭಾಷೆಯ ಮೂಲದಿಂದ ಬಂದ ಈ ಪದವನ್ನು 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಸೂಚಿಸಿದರು. ಮಾಂಸದ ಕೊರತೆ ಎಂದು ಅದರ ಅರ್ಥ. ವಿಚಿತ್ರವೆಂದರೆ ಸ್ನಾಯುವಿನ ಗಾತ್ರ ಕರಗುವುದಕ್ಕಿಂತ ಬೇಗ ಅದರ ಬಲ ಕರಗುತ್ತದೆ. ಕನ್ನಡಿಯಲ್ಲಿ ಮೊದಲಿನಂತೆಯೇ ಕಾಣುತ್ತೇವೆ, ನೆಲದ ಮೇಲೆ ಕುಳಿತಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ನಮ್ಮ ಹಿರಿಯರು ನೆಲದ ಮೇಲೆ ಉಂಡರು, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕಿತ್ತರು. ನಾನು ಮೇಜು, ಕುರ್ಚಿ, ಮಂಚಗಳ ಮನುಷ್ಯನಾದೆ. ಶರಣಬಸವೇಶ್ವರರ ಗುಡಿಯ ದಾಸೋಹದ ಪಂಕ್ತಿಯಲ್ಲಿ ಕೂಡುವುದನ್ನು ಎಷ್ಟೋ ವರ್ಷಗಳ ಹಿಂದೆಯೇ ಬಿಟ್ಟಿದ್ದೆ. 'ಗದ್ದಲ ಬಹಳ' ಎಂದು ಕಾರಣ ಹೇಳುತ್ತಿದ್ದೆ. ನಿಜವಾದ ಕಾರಣ, ಎಲ್ಲರ ಮುಂದೆ ಏಳುವಾಗ ಪಡಬೇಕಾದ ಪಾಡು.

ವಾರಕ್ಕೆ ಎರಡು ದಿನವಾದರೂ ಬಲವರ್ಧನೆಯ ವ್ಯಾಯಾಮ ಬೇಕು ಎಂದು ವೈದ್ಯರು ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಅರವತ್ತೈದು ದಾಟಿದವರಿಗೆ ಅದನ್ನೇ ಹೇಳುತ್ತದೆ. 'ಈ ವಯಸ್ಸಿನಲ್ಲೇ?' ಎಂದು ಕೇಳಿದೆ. ಅವರು ಒಂದು ಪ್ರಯೋಗದ ಕಥೆ ಹೇಳಿದರು. 1990ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದ್ದರು. ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಅವರ ಮುಂದೆ ನಾನು ಇನ್ನೂ ಬಾಲಕ. ಸುಮ್ಮನಾದೆ.

ನಾಗರಪಂಚಮಿ ಮುಗಿಸಿ ವ್ಯಾಯಾಮಶಾಲೆಯ ಮೆಟ್ಟಿಲು ಹತ್ತಿದೆ. ಅಲ್ಲಿ ತರಬೇತಿ ಕೊಡುವ ಯುವಕ ನನ್ನನ್ನು ಕಂಡೊಡನೆ ಕಾಲು ಮುಟ್ಟಿ ನಮಸ್ಕರಿಸಿದ. ಕಮಲಾಪುರದ ಕಡೆಯವನು, ಅವನ ತಂದೆ ನನ್ನ ವಿದ್ಯಾರ್ಥಿ. ನನ್ನನ್ನು ಒಂದು ಕುರ್ಚಿಯ ಮುಂದೆ ನಿಲ್ಲಿಸಿ, 'ಕೈ ಊರದೆ ಕೂತು ಏಳ್ರಿ ಸರ್' ಎಂದ. ಐದು ಸಲ ಎದ್ದೆ. ಆರನೆಯದಕ್ಕೆ ಸಿದ್ಧನಾದಾಗ ತಡೆದು ನಗುತ್ತ, 'ನಮ್ಮಪ್ಪಗ ನೂರು ಹೊಡಿಸಿದ್ರಂತ. ನಿಮಗ ಇವತ್ತಿಗೆ ಐದ ಸಾಕ್ರಿ ಸರ್' ಎಂದ.

ಅವನು ತಮಾಷೆಗೆ ಆಡಿದ ಮಾತು. ಅದರ ವಿಷಯ ಮುಂದೆ ಹೇಳುತ್ತೇನೆ. ಮೊದಲು ನನ್ನ ಅಭ್ಯಾಸದ ಕ್ರಮ.

ನನಗಾಗಿ ಅವನು ಇನ್ನೂರು ಪುಟದ ಒಂದು ನೋಟುಬುಕ್ಕು ತರಿಸಿದ. ಸೋಮವಾರ, ಬುಧವಾರ, ಶುಕ್ರವಾರ ಅಭ್ಯಾಸ, ಉಳಿದ ದಿನ ವಿಶ್ರಾಂತಿ. ಒಂದು ಬಾರಿಗೆ ಐದು ಬಸ್ಕಿ, ಅಂಥ ಮೂರು ಸರದಿ, ನಡುವೆ ಮೂರು ನಿಮಿಷ ಬಿಡುವು. ಮೊದಲ ಆರು ವಾರ ಕುರ್ಚಿಯಿಂದ ಏಳುವುದಷ್ಟೆ. ಅನಂತರ ಮೂರು ವಾರ ಹತ್ತು ಕಿಲೋದ ಸಣ್ಣ ಸರಳು. ಅಕ್ಟೋಬರಿನಲ್ಲಿ ಇಪ್ಪತ್ತು ಕಿಲೋದ ಬಾರ್‌ಬೆಲ್ ಸರಳನ್ನೇ, ಇನ್ನೂ ತಟ್ಟೆಗಳನ್ನು ಹಾಕದೆ, ಬೆನ್ನಿನ ಮೇಲ್ಭಾಗದಲ್ಲಿ ಇರಿಸಿಕೊಂಡೆ. ಪಾದಗಳು ಭುಜದಗಲ, ಮೊಣಕಾಲು ಕಾಲ್ಬೆರಳಿನ ದಿಕ್ಕಿಗೆ, ಭಾರ ಪಾದದ ನಡುವೆ, ಬೆನ್ನು ಬಿಗಿ. ತೊಡೆ ನೆಲಕ್ಕೆ ಸಮಾನಾಂತರವಾಗುವವರೆಗೆ ಇಳಿದು ಮೇಲೇಳಬೇಕು. ಹುಡುಗರು ಉಸಿರು ಬಿಗಿಹಿಡಿದು ಏಳುತ್ತಾರೆ. ನನಗೆ ರಕ್ತದೊತ್ತಡವಿರುವುದರಿಂದ ಏಳುವಾಗ ಉಸಿರು ಬಿಡಬೇಕೆಂದು ವೈದ್ಯರ ಅಪ್ಪಣೆ.

ವಾರಕ್ಕೊಮ್ಮೆ ಎರಡೂವರೆ ಕಿಲೋ ಸೇರಿಸುವುದು, ಇದೇ ಈ ಕ್ರಮದ ಜೀವಾಳ. ಕ್ರೋಟನ್ ಎಂಬ ಊರಿನ ಮೈಲೋ ದಿನವೂ ಕರುವನ್ನು ಹೊತ್ತು, ಅದು ಹೋರಿಯಾದಾಗಲೂ ಹೊತ್ತನೆಂಬ ಗ್ರೀಕರ ಕಥೆಯನ್ನು ತರಗತಿಯಲ್ಲಿ ನಿಮಗೂ ಹೇಳಿದ್ದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ಗಾಯಗೊಂಡ ಸೈನಿಕರ ಕಾಲುಗಳಿಗೆ ಇದೇ ತತ್ತ್ವದಿಂದ ಚಿಕಿತ್ಸೆ ಕೊಟ್ಟು, 1945ರಲ್ಲಿ ಅದನ್ನು ಶಾಸ್ತ್ರೀಯವಾಗಿ ಬರೆದಿಟ್ಟರು. ನಮ್ಮವರಿಗೂ ಇದು ಹೊಸದಲ್ಲ. ನಮಗೆ ಹತ್ತಿರದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಮಲ್ಲರ ಆಹಾರ, ಅಭ್ಯಾಸಗಳನ್ನು ಅದು ವಿವರಿಸುತ್ತದೆ. ಭಾರ ಎತ್ತುವ ಅಭ್ಯಾಸಕ್ಕೆ ಅಲ್ಲಿ 'ಭಾರಶ್ರಮ' ಎಂಬ ಅಂದವಾದ ಹೆಸರಿದೆ. ನಮ್ಮ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರನ್ನು ನೀವೂ ಕಂಡಿದ್ದೀರಿ. ಜಾತ್ರೆಯ ದಿನ ಎಲ್ಲರ ಕಣ್ಣಿಗೆ ಬೀಳುವುದು ಆ ದೊಡ್ಡ ಕಲ್ಲು. ಅದಕ್ಕೂ ಮೊದಲು ಎತ್ತಿದ ಸಣ್ಣ ಕಲ್ಲುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೀಗೆ ನಲವತ್ತು ಕಿಲೋ ತಲುಪಿದೆ. ಮೊದಮೊದಲು ಬೇಗ ಹೆಚ್ಚುವ ಬಲದಲ್ಲಿ ಸ್ನಾಯು ಬೆಳೆದದ್ದು ಕಡಿಮೆ, ಇರುವ ಸ್ನಾಯುವನ್ನು ದುಡಿಸುವುದನ್ನು ನರಗಳು ಕಲಿತದ್ದು ಹೆಚ್ಚು ಎಂದು ಹುಡುಗ ಎಚ್ಚರಿಸಿದ್ದ. ನಾನು ಕೇಳಬೇಕಲ್ಲ! ಡಿಸೆಂಬರಿನ ಒಂದು ಶುಕ್ರವಾರ ಅವನು ಬರುವುದು ತಡವಾಯಿತು. ಪಕ್ಕದಲ್ಲಿ ಕಾಲೇಜು ಹುಡುಗರಿದ್ದರು. 'ಅಜ್ಜಾರು ಜೋರದಾರ' ಎಂದು ಒಬ್ಬ ಹೊಗಳಿದ. ಆ ಹೊಗಳಿಕೆಗೆ ಉಬ್ಬಿ ಒಮ್ಮೆಗೇ ಐವತ್ತು ಕಿಲೋ ಹಾಕಿಕೊಂಡೆ. ಎರಡನೆಯ ಬಸ್ಕಿಯಲ್ಲಿ ಸೊಂಟದಲ್ಲಿ ಏನೋ ಚಳಕ್ಕೆಂದಿತು. ಎಂಟು ವಾರ ನೋಟುಬುಕ್ಕಿನಲ್ಲಿ ಬರೆಯಲು ಏನೂ ಇರಲಿಲ್ಲ. ಶೌಚಾಲಯಕ್ಕೆ ಹೋಗಲೂ ಮಡದಿಯ ಭುಜ ಬೇಕಾಯಿತು. ಆಕೆಯನ್ನು ಎತ್ತಲು ಹೊರಟವನನ್ನು ಆಕೆಯೇ ಎತ್ತುವಂತಾಯಿತು.

ಆ ಎಂಟು ವಾರ ಮಂಚದ ಮೇಲೆ ಮಲಗಿದ್ದಾಗ ಹುಡುಗನ 'ನೂರು ಬಸ್ಕಿ' ಮಾತು ಮತ್ತೆ ಮತ್ತೆ ನೆನಪಾಯಿತು.

1987ರ ಮಾತು. ನಾನಾಗ ಕಮಲಾಪುರದ ಕಡೆ ಮಾಸ್ತರನಾಗಿದ್ದೆ. ಎಂಟನೆಯ ತರಗತಿಯ ಹುಡುಗನೊಬ್ಬ ಮೂರನೆಯ ದಿನವೂ ಮನೆಗೆಲಸದ ಲೆಕ್ಕ ಮಾಡದೆ ಬಂದಿದ್ದ. ಕಾರಣ ಕೇಳಲಿಲ್ಲ. 'ಕಿವಿ ಹಿಡಿ, ನೂರು ಬಸ್ಕಿ ಹೊಡಿ' ಎಂದೆ. ತರಗತಿಯೆಲ್ಲ ಎಣಿಸಿತು. ಎಪ್ಪತ್ತರ ನಂತರ ಅವನ ಕಾಲು ನಡುಗತೊಡಗಿತು. ನೂರನ್ನೂ ಪೂರ್ತಿ ಮಾಡಿಸಿದೆ. ಮರುದಿನ ಅವನು ಬರಲಿಲ್ಲ. ಮೂರನೆಯ ದಿನ ಗೋಡೆ ಹಿಡಿದುಕೊಂಡು ಬಂದ. ಹೊಲದ ಪಂಪಿಗೆ ರಾತ್ರಿ ಮಾತ್ರ ಕರೆಂಟು ಬರುತ್ತಿದ್ದುದರಿಂದ, ಆ ಮೂರು ರಾತ್ರಿಯೂ ಅವನು ಬಾಳೆಯ ತೋಟಕ್ಕೆ ನೀರು ಹಾಯಿಸುತ್ತಿದ್ದನೆಂದು ಆಮೇಲೆ ಅವನ ತಾಯಿ ಬಂದು ಹೇಳಿದಳು. ಅದಕ್ಕೆ ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಏನೂ ಕೊಟ್ಟಿರಲಿಕ್ಕಿಲ್ಲ.

ಅಭ್ಯಾಸವಿಲ್ಲದ ಮೈಗೆ ಏಕಾಏಕಿ ಅತಿಯಾಗಿ ಬಸ್ಕಿ ಹೊಡೆಸಿದರೆ ಸ್ನಾಯುಗಳು ಒಡೆದು, ಅದರ ಕಸ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೇ ಪೆಟ್ಟು ಬೀಳುವುದುಂಟು ಎಂಬುದನ್ನು ನಾನು ತಿಳಿದದ್ದು ಈ ವಯಸ್ಸಿನಲ್ಲಿ. ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿತು. ಅಷ್ಟರಲ್ಲಿ ನನ್ನ ಸೇವೆಯ ಮುಕ್ಕಾಲು ಪಾಲು ಮುಗಿದಿತ್ತು. ಅದೇ ಬಸ್ಕಿ, ಅದೇ ಕಾಲು. ಒಂದು ಕಡೆ ಅದು ಮುದುಕನನ್ನು ಎಬ್ಬಿಸಿ ನಿಲ್ಲಿಸುತ್ತದೆ, ಇನ್ನೊಂದು ಕಡೆ ಹುಡುಗನನ್ನು ಗೋಡೆ ಹಿಡಿಯುವಂತೆ ಮಾಡುತ್ತದೆ. ವ್ಯತ್ಯಾಸವಿರುವುದು ಲೆಕ್ಕದಲ್ಲಿ. ಇವನ ಇಂದಿನ ಶಕ್ತಿ ಎಷ್ಟು, ನಿನ್ನೆ ಎಷ್ಟು ದಣಿದಿದ್ದಾನೆ, ನಾಳೆ ಎಷ್ಟು ವಿಶ್ರಾಂತಿ ಬೇಕು ಎಂದು ಮೊದಲು ಕೇಳಬೇಕು, ಆಮೇಲೆ ಭಾರ ಹೊರಿಸಬೇಕು. ಮೂವತ್ತೇಳು ವರ್ಷ ಲೆಕ್ಕ ಕಲಿಸಿದ ನಾನು ಈ ಲೆಕ್ಕವನ್ನೇ ಮಾಡಲಿಲ್ಲ. ಬಸ್ಕಿಯ ಮಾತು ಮಾತ್ರವಲ್ಲ, ಪಾಠದ ಮಾತೂ ಅಷ್ಟೆ. ಬೀಜಗಣಿತವನ್ನು ನಲವತ್ತು ಮಕ್ಕಳ ಹೆಗಲಿಗೂ ಒಂದೇ ದಿನ ಒಂದೇ ತೂಕದಲ್ಲಿ ಹೇರಿದೆ. ಹೊತ್ತವರನ್ನು ಜಾಣರೆಂದೆ, ಕುಸಿದವರನ್ನು ದಡ್ಡರೆಂದೆ.

ಸೊಂಟ ಸರಿಹೋದ ಮೇಲೆ ಕಮಲಾಪುರಕ್ಕೆ ಹೋದೆ. ಅವನೀಗ ಐವತ್ತರ ಗೃಹಸ್ಥ, ಊರಿನ ಹೆಸರುವಾಸಿ ಕೆಂಬಾಳೆಯನ್ನೇ ಬೆಳೆಯುತ್ತಾನೆ. ತೋಟದಲ್ಲಿ ಕೂಡಿಸಿ ಚಹಾ ಕೊಟ್ಟ. ನಾನು ಬಂದ ಕಾರಣ ಹೇಳಿದೆ, ತಪ್ಪಾಯಿತೆಂದೆ. 'ಬಿಡ್ರಿ ಸರ್, ಹಳೀ ಮಾತು' ಎನ್ನುತ್ತಾನೆಂದು ನಿರೀಕ್ಷಿಸಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವತ್ತ ಒಂದ್ ಮಾತು ಕೇಳಿದ್ರ ಚಲೋ ಇತ್ರಿ ಸರ್' ಎಂದ. ಆಮೇಲೆ ಎದ್ದು ಹೋಗಿ ಮೋಟಾರು ಹಾಕಿದ. ಬರುವಾಗ ಒಂದು ಗೊನೆ ಕೆಂಬಾಳೆ ಕೊಟ್ಟ. ಬೇಡವೆನ್ನುವ ಧೈರ್ಯ ನನಗೆ ಬರಲಿಲ್ಲ.

ಫೆಬ್ರುವರಿಯಲ್ಲಿ ಮತ್ತೆ ಇಪ್ಪತ್ತು ಕಿಲೋದಿಂದ ಆರಂಭಿಸಿದೆ. ಮೂವತ್ತೈದರ ನಂತರ ಎರಡೂವರೆ ಕಿಲೋ ನನಗೆ ಭಾರವಾಯಿತು. ಕಬ್ಬಿಣದ ಅಂಗಡಿಯಲ್ಲಿ ಅರ್ಧ ಕಿಲೋ ತೂಗುವ ಎರಡು ಬಿಲ್ಲೆಗಳನ್ನು ಮಾಡಿಸಿಕೊಂಡು, ವಾರಕ್ಕೊಂದು ಕಿಲೋದಂತೆ ಏರಿಸಿದೆ. ನಮ್ಮ ಬೇಸಿಗೆಯ ಉರಿಯಲ್ಲಿ ಕೆಲವು ವಾರ ಏರಿಸಲೇ ಇಲ್ಲ. ಜೋಳದ ರೊಟ್ಟಿಯ ಜೊತೆ ತೊಗರಿಬೇಳೆ, ಮೊಳಕೆ ಹೆಸರು, ಮೊಸರು ಹೆಚ್ಚಾಗಿ ಉಂಡೆ. ಆಗಸ್ಟ್ 2024ಕ್ಕೆ ಐವತ್ತು ತಲುಪಿದೆ. ಯಾವ ಐವತ್ತು ನನ್ನ ಸೊಂಟ ಮುರಿದಿತ್ತೋ ಅದೇ ಐವತ್ತು. ಅನಂತರ ಐವತ್ತೈದಕ್ಕೆ ಬಂದು ನಿಂತಿದ್ದೇನೆ. ಮಡದಿಯ ತೂಕ ಐವತ್ತೆಂಟು. ಸರಳನ್ನು ಹೊರುವುದಕ್ಕೂ ಬಿದ್ದ ಮನುಷ್ಯರನ್ನು ಎತ್ತುವುದಕ್ಕೂ ಅಂತರವಿದೆಯೆಂದು ಬಲ್ಲೆ. ಆದರೂ ಆ ಅಂಕಿ ನೋಟುಬುಕ್ಕಿನ ಕೊನೆಯ ಪುಟದಲ್ಲಿದೆ. ಹೋದ ಜಾತ್ರೆಯಲ್ಲಿ ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡೆ. ಕೈಯೂರದೆ ಎದ್ದೆ. ಅದನ್ನು ಯಾರೂ ಗಮನಿಸಲಿಲ್ಲ.

ನಿಮ್ಮಲ್ಲಿ ಅರವತ್ತರ ಹತ್ತಿರ ಬಂದವರು ಈಗಲೇ ಒಂದು ಕುರ್ಚಿಯಿಂದ ಕೈಯೂರದೆ ಎದ್ದು ನೋಡಿ. ಕಷ್ಟವೆನಿಸಿದರೆ ವೈದ್ಯರನ್ನು ಕಂಡು, ಬಲ್ಲವರ ಎದುರಿಗೆ ಮಾತ್ರ ಆರಂಭಿಸಿ. ನಿಮ್ಮಲ್ಲಿ ಮಾಸ್ತರರಾದವರು ಮಕ್ಕಳನ್ನು ಒಂದು ಮಾತು ಕೇಳಿ. ನನ್ನಿಂದ ಬಸ್ಕಿ ಹೊಡೆದವರು, ದಡ್ಡರೆನಿಸಿಕೊಂಡವರು ಇದನ್ನು ಓದುತ್ತಿದ್ದರೆ, ಕಮಲಾಪುರದಲ್ಲಿ ಆಡಿದ ಮಾತನ್ನು ನಿಮಗೂ ಆಡಿದ್ದೇನೆಂದು ತಿಳಿಯಿರಿ.

ಮಡದಿ ಈಗ ತಾನೂ ಕುರ್ಚಿಯ ಅಭ್ಯಾಸ ಆರಂಭಿಸಿದ್ದಾಳೆ. 'ನೀವು ಎತ್ತೋದು ಯಾವಾಗ್ರೀ, ನಾನ ಏಳ್ತೀನಿ' ಎನ್ನುತ್ತಾಳೆ. ಪಡಸಾಲೆಯಲ್ಲಿ ಎಣಿಸುವ ಕೆಲಸ ನನ್ನದು. ನಿನ್ನೆ ಹತ್ತು ಮಾಡುವುದಿತ್ತು. ಎಂಟಕ್ಕೆ ಮುಖ ಕಿವುಚಿದಳು. 'ಮೊಣಕಾಲು ನೋಯ್ತದೇನು?' ಎಂದು ಕೇಳಿದೆ. ಹೌದೆಂದಳು. ಎಂಟು ಎಂದೇ ಬರೆದುಕೊಂಡೆ.