ಕೊಡುವೋ, ಕೋಡೋ?

ತಾಳಗಾಂವದ ಎತ್ತರದ ಬಯಲಿನಲ್ಲಿರುವ ಗೋವಾ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಸಂಶೋಧನೆ ನಡೆಸುತ್ತಿದ್ದ ಆಕೆ, ಎಂ.ಎ. ಮೊದಲ ವರ್ಷದ ಆರು ಮಂದಿಗೆ ವಾರಕ್ಕೆರಡು ಗಂಟೆ ಹಳಗನ್ನಡ ಶಾಸನಗಳನ್ನು ಓದಿಸಲು ಒಪ್ಪಿಕೊಂಡಾಗ, ಅದನ್ನು ಸುಲಭದ ಕೆಲಸವೆಂದೇ ಬಗೆದಿದ್ದಳು. ಬಾಗಲಕೋಟೆಯ ಕಡೆಯಿಂದ ದುಡಿಮೆಗೆಂದು ವಾಸ್ಕೋಗೆ ಬಂದು ನೆಲೆನಿಂತ ಮನೆತನ ಅವಳದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಶಾಲೆಯ ಅಂಗಳದಲ್ಲಿ ಕೊಂಕಣಿ. ಮೂರೂ ನಾಲಗೆಗೆ ಒಗ್ಗಿದ್ದವು. ಕಲಿಯಲು ಬಂದವರ ತಾಯ್ನುಡಿ ಕೊಂಕಣಿ ಅಥವಾ ಮರಾಠಿ. ಆದರೂ ಅವರಿಗೆ ಕನ್ನಡ ಬೇಕಿತ್ತು. ಚಂದ್ರಪುರದಿಂದ, ಅಂದರೆ ಇಂದಿನ ಚಾಂದೋರ್‌ನಿಂದ, ಗೋಪಕಪಟ್ಟಣಕ್ಕೆ ರಾಜಧಾನಿಯನ್ನು ಸಾಗಿಸಿದ ಗೋವೆಯ ಕದಂಬರ ಶಾಸನಗಳಲ್ಲಿ ಸಂಸ್ಕೃತದೊಡನೆ ಕನ್ನಡವೂ ಇದೆ. ಅದನ್ನು ಬಿಟ್ಟರೆ ತಮ್ಮ ನೆಲದ ಚರಿತ್ರೆಯೇ ಅವರಿಗೆ ಅರ್ಧ ಮುಚ್ಚಿದ ಬಾಗಿಲು.

ಎರಡನೆಯ ತರಗತಿಯಲ್ಲೇ ಒಬ್ಬ ಹುಡುಗ ಕೇಳಿದ: “ಎರಡು ಕಡೆಯೂ ಅಕ್ಷರ ಒಂದೇ ಇದೆ. ಒಂದು ಕಡೆ ‘ಕೊಡು’ ಎಂದಿರಿ, ಇನ್ನೊಂದು ಕಡೆ ‘ಕೋಡು’ ಎಂದಿರಿ. ಹೇಗೆ ತಿಳಿಯಿತು?”

ಹಳೆಯ ಶಾಸನಗಳ ಬರಹ ಎ–ಏ, ಒ–ಓಗಳ ಹ್ರಸ್ವದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಕನ್ನಡದ ಕಿವಿಯುಳ್ಳವರು ಅದನ್ನು ತಮಗರಿವಿಲ್ಲದೆಯೇ ತುಂಬಿಕೊಂಡು ಓದುತ್ತಾರೆ. “ಅಲ್ಲಿ ಹಾಗೆಯೇ ಓದಬೇಕು” ಎಂದಳು ಆಕೆ. ಹುಡುಗ ಮರುಮಾತಾಡದೆ ಅದನ್ನೇ ಬರೆದುಕೊಂಡ. ಅವನು ವಾದಿಸಿದ್ದರೆ ಅವಳು ಮರೆತುಬಿಡುತ್ತಿದ್ದಳೋ ಏನೋ. ಅವನ ಆ ಒಪ್ಪಿಗೆಯೇ ಅವಳನ್ನು ಇರುಳೆಲ್ಲ ಕಾಡಿತು. ತನಗೆ ಗೊತ್ತಿದೆ ಎಂಬುದು ಗೊತ್ತಿತ್ತು. ಹೇಗೆ ಗೊತ್ತು ಎಂಬುದು ಗೊತ್ತಿರಲಿಲ್ಲ.

ಮುಂದಿನ ತರಗತಿಯಲ್ಲಿ, ಹಿಂದಿನ ದಿನ ತಾನಿತ್ತ ಉತ್ತರ ಉತ್ತರವೇ ಅಲ್ಲವೆಂದು ಮೊದಲು ಒಪ್ಪಿಕೊಂಡಳು. ಬಳಿಕ ಕಂದಪದ್ಯವೊಂದನ್ನು ಹಲಗೆಯ ಮೇಲೆ ಬರೆದು ಲಘು–ಗುರು ಹಾಕಿಸಿದಳು. ‘ಕೊಡು’ ಎಂದರೆ ಎರಡು ಮಾತ್ರೆ, ‘ಕೋಡು’ ಎಂದರೆ ಮೂರು. ನಾಲ್ಕು ಮಾತ್ರೆಯ ಗಣ ಎಲ್ಲಿ ತುಂಬುತ್ತದೆ, ಎಲ್ಲಿ ಒಡೆಯುತ್ತದೆ ಎಂಬುದನ್ನು ಎಣಿಸಿದರೆ ಕಿವಿಯ ಸಾಕ್ಷ್ಯವಿಲ್ಲದೆಯೂ ಸ್ವರದ ಅಳತೆ ಸಿಗುತ್ತದೆ. ಪದ್ಯವಲ್ಲದೆಡೆ ವ್ಯಾಕರಣ ನೆರವಾಗುತ್ತದೆ: ಆ ಸ್ಥಾನದಲ್ಲಿ ಬೇಕಾದುದು ಕ್ರಿಯೆಯೋ ನಾಮವೋ? ಪದವಿಯ ತರಗತಿಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಛಂದಸ್ಸು ಅಂದು ಅವಳ ಕೈಗೆ ಉಪಕರಣವಾಗಿ ಬಂತು.

ಆ ಮೇಲೆ ಕಲಿತದ್ದು ಸುಮ್ಮನಿರುವುದನ್ನು. ವಿದ್ಯಾರ್ಥಿ ತಡವರಿಸಿದೊಡನೆ ಉತ್ತರ ಹೇಳಿಬಿಡುವ ಆತುರವನ್ನು ಆಕೆ ಹತ್ತಿಕ್ಕಿದಳು. ಆ ಮೌನದಲ್ಲಿ ಒಬ್ಬನ ತಪ್ಪನ್ನು ಇನ್ನೊಬ್ಬಳು ಹಿಡಿಯುತ್ತಿದ್ದಳು. ಒಮ್ಮೆ ಅವಳ ಎಣಿಕೆಯನ್ನೇ ಅವರು ತಿದ್ದಿದರು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ಗೋವೆಯಿಂದ ಕೆಳದಿಯ ವೆಂಕಟಪ್ಪನಾಯಕನ ಬಳಿಗೆ ಹೊರಟಿದ್ದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ, ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಇಂಥದೇ ನೋಟವನ್ನು ಕಂಡು ಬರೆದಿಟ್ಟಿದ್ದಾನೆ. ನಾಲ್ವರು ಹುಡುಗರು ನೆಲಕ್ಕೆ ಮರಳು ಹರಡಿ, ರಾಗವಾಗಿ ಹೇಳುತ್ತ, ಬೆರಳಿನಿಂದ ಲೆಕ್ಕ ಬರೆಯುತ್ತಿದ್ದರು. ಗುರುವಿಲ್ಲದೆ ತಪ್ಪು ತಿದ್ದುವವರಾರು ಎಂದು ಆತ ಕೇಳಿದಾಗ, ನಾಲ್ವರಿಗೂ ಒಟ್ಟಿಗೆ ಒಂದೇ ಕಡೆ ತೊಡಕಾಗುವುದು ಸಾಧ್ಯವಿಲ್ಲ, ಎಡವಿದವನಿಗೆ ಉಳಿದವರೇ ಗುರುಗಳು ಎಂಬರ್ಥದ ಉತ್ತರ ದೊರೆಯಿತಂತೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ವಾರಕ್ಕೆ 4ರಿಂದ 6 ಗಂಟೆಗಳ ಬೋಧನೆ ಅಥವಾ ಸಂಶೋಧನೆಯ ಸಹಾಯಕ ಕೆಲಸವನ್ನು ವಹಿಸಬಹುದು. ಜಗಲಿಯ ಮೇಲಿನ ಆ ನಾಲ್ವರಿಗೆ ಯಾವ ನಿಯಮವೂ ಬೇಕಿರಲಿಲ್ಲ.

ಆದರೆ ಗಂಟೆಗಳು ಎಲ್ಲಿಂದಲೋ ಬರಬೇಕಷ್ಟೆ. ಪ್ರಬಂಧದ ಮೂರನೆಯ ಅಧ್ಯಾಯ ನಿಂತಲ್ಲೇ ನಿಂತಿತ್ತು. “ಮಂದಿಗೆ ಹೇಳಿಕೊಡೂದ್ರಾಗ ನಿನ್ನ ಬರವಣಿಗಿ ಹಿಂದ ಬೀಳಂಗಿಲ್ಲೇನವಾ?” ಎಂದು ತಾಯಿ ಕೇಳಿದಳು. ಕೇಳುವುದರಲ್ಲಿ ತಪ್ಪಿರಲಿಲ್ಲ.

ಆ ವಾರ ಅಧ್ಯಾಯವನ್ನು ತೆರೆದಾಗ, ಗದ್ಯಭಾಗದಲ್ಲಿ ಬಂದ ಒಂದು ಊರ ಹೆಸರಿನ ಮೇಲೆ ಕಣ್ಣು ನಿಂತಿತು. ಅದರ ಮೊದಲ ಸ್ವರ ದೀರ್ಘವೆಂದು ಓದಿ, ಆ ಊರು ಇಂಥದೇ ಎಂದು ಗುರುತಿಸಿ, ಎರಡು ಪುಟದ ವಾದವನ್ನು ಅದರ ಮೇಲೆ ಕಟ್ಟಿದ್ದಳು. ಹೇಗೆ ತಿಳಿಯಿತು? ಅಲ್ಲಿ ಛಂದಸ್ಸಿನ ಆಸರೆಯಿಲ್ಲ. ಊರ ಹೆಸರಾದ್ದರಿಂದ ವ್ಯಾಕರಣವೂ ಏನನ್ನೂ ಹೇಳದು. ಇದ್ದುದು ಅವಳ ಕಿವಿಯೊಂದೇ. ಬೇರೆ ಶಾಸನಗಳಲ್ಲಿ ಆಧಾರ ಹುಡುಕಿದಳು, ದೊರೆಯಲಿಲ್ಲ. ಎರಡು ಪುಟಗಳನ್ನು ತೆಗೆದುಹಾಕಿ, ಆ ಊರನ್ನು ಹೀಗೂ ಓದಬಹುದು, ಹಾಗೂ ಓದಬಹುದು ಎಂದು ಒಂದೇ ವಾಕ್ಯ ಬರೆದಳು.

ಅಧ್ಯಾಯ ಇನ್ನಷ್ಟು ಹಿಂದೆ ಬಿತ್ತು. ಮರುದಿನ ಬೆಳಿಗ್ಗೆ ಆಕೆ ಆ ಶಾಸನದ ಪಡಿಯಚ್ಚನ್ನು ತರಗತಿಗೆ ಒಯ್ದು, ಆರು ಮಂದಿಯ ಮುಂದೆ ಹರಡಿ, ಏನೂ ಹೇಳದೆ ಕುಳಿತಳು.