ಹಳ್ಳ ಬಂದಿತ್ತು ಸಾರ್!

ಮೂಡಿಗೆರೆ, ಕಳಸ ಕಡೆಯ ಹೈಸ್ಕೂಲುಗಳಲ್ಲಿ ಓದಿದವರು ನಾಲ್ಕು ಜನ ಒಂದೆಡೆ ಸೇರಲಿ, ಮದುವೆಮನೆಯ ಪಂಕ್ತಿಯೇ ಆಗಿರಲಿ, ತಿಥಿಯೂಟವೇ ಆಗಿರಲಿ, ಹತ್ತು ನಿಮಿಷದೊಳಗೆ ಮಾತು ಶಾಲೆಗೆ ತಡವಾಗಿ ಹೋದದ್ದಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ಏನು ಕಲಿತೆವು ಎಂಬುದು ಯಾರಿಗೂ ಸರಿಯಾಗಿ ನೆನಪಿಲ್ಲ. ಮೇಷ್ಟ್ರಿಗೆ ಹೇಳಿದ ಕಾರಣ ಮಾತ್ರ ಅಕ್ಷರ ಬಿಡದೆ ನೆನಪಿದೆ. ಆ ಕಾರಣಗಳನ್ನೇ ಕಾಲಕ್ಕೆ ಸರಿಯಾಗಿ ಜೋಡಿಸುತ್ತ ಹೋದರೆ ಕಾಫಿ ಸೀಮೆ ಐವತ್ತು ವರ್ಷದಲ್ಲಿ ಹೇಗೆ ಬದಲಾಯಿತು ಎಂಬುದೂ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಹಳೆಯ ಕಾರಣ ಹಳ್ಳ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವುದೂ ಮುಂಗಾರು ಹಿಡಿಯುವುದೂ ಮಲೆನಾಡಿನಲ್ಲಿ ಒಟ್ಟೊಟ್ಟಿಗೇ. ಎಪ್ಪತ್ತು–ಎಂಬತ್ತರ ದಶಕದಲ್ಲಿ ಹೈಸ್ಕೂಲು ಇದ್ದದ್ದು ಪೇಟೆಯಲ್ಲಿ, ಮಕ್ಕಳ ಮನೆಗಳಿದ್ದದ್ದು ಗುಡ್ಡದ ಬುಡಗಳಲ್ಲಿ. ನಡುವೆ ಕಾಫಿ ತೋಟ, ಗದ್ದೆಯಂಚು, ಮತ್ತೆ ಒಂದೋ ಎರಡೋ ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ಅಡಕೆ ದಬ್ಬೆ ಅಥವಾ ಮರದ ದಿಮ್ಮಿ ಹಾಕಿದ ಕಾಲುಸಂಕ. ಆಷಾಢದಲ್ಲಿ ಸಂಕದ ಮೇಲೆ ನೀರು ಬಂತೆಂದರೆ ಆ ದಿನದ ಮೊದಲ ಎರಡು ಪೀರಿಯಡ್ಡು ಹೋದಂತೆಯೇ.

"ಯಾಕಾ ಲೇಟು?"

"ಹಳ್ಳ ಬಂದಿತ್ತು ಸಾರ್."

"ನಿನ್ನೆನೂ ಹಳ್ಳ, ಇವತ್ತೂ ಹಳ್ಳ. ಮನೆ ಹಳ್ಳದೊಳಗೇ ಕಟ್ಟಿದೀರೇನಾ ಮಾರಾಯ?"

ಈ ಸಂಭಾಷಣೆ ನಡೆಯದ ಶಾಲೆ ಘಟ್ಟದ ಮೇಲೆ ಇರಲಿಕ್ಕಿಲ್ಲ. ಸುಳ್ಳು ಯಾವುದು, ನಿಜ ಯಾವುದು ಎಂದು ಕಂಡುಹಿಡಿಯಲು ಮೇಷ್ಟ್ರುಗಳಿಗೂ ಉಪಾಯವಿತ್ತು. ಹಳ್ಳದ ಆಚೆಯ ಇನ್ನೊಂದು ಮನೆಯ ಹುಡುಗಿ ಹೊತ್ತಿಗೆ ಸರಿಯಾಗಿ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದರೆ ಹುಡುಗನ ಕಥೆ ಅಲ್ಲಿಗೇ ಮುಗಿಯಿತು. ಹಾಗೆಂದು ಹಳ್ಳ ಬರೀ ನಗೆಯ ವಿಷಯವಲ್ಲ. ಸಂಕ ದಾಟುವಾಗ ಮಕ್ಕಳು ನೀರುಪಾಲಾದ ಸುದ್ದಿ ಮಲೆನಾಡಿಗೆ ಈಗಲೂ ಹೊಸದಲ್ಲ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರೆಗೆ ಕಟ್ಟಿದ ಹೆಬ್ಬಾಳೆ ಸೇತುವೆ ಮಳೆಗಾಲದಲ್ಲಿ ಮುಳುಗುವುದಕ್ಕೇ ಹೆಸರಾದದ್ದು. ಸೇತುವೆ ಮುಳುಗಿದ ದಿನ ಆಚೆ ದಡದ ಮಕ್ಕಳ ಹೆಸರು ಕೂಗುವಾಗ ಮೇಷ್ಟ್ರು ತಲೆ ಎತ್ತಿ ನೋಡುವ ಅಗತ್ಯವೇ ಇರಲಿಲ್ಲ.

ಬಂದವರಾದರೂ ಬಂದ ರೀತಿ ಹೇಗೆ? ತಲೆಗೆ ಕಂಬಳಿ ಕೊಪ್ಪೆ, ಆಮೇಲಿನ ವರ್ಷಗಳಲ್ಲಿ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನ ಕೊಪ್ಪೆ. ಒಂದೇ ಒಂದು ಕೊಡೆ ಇದ್ದ ಮನೆಯಲ್ಲಿ ಅದು ದೊಡ್ಡವರ ಸೊತ್ತು. ಕಾಲಿಗೆ ಉಂಬಳ. ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟನ್ನು ಜೇಬಿನಲ್ಲಿ ಇಟ್ಟುಕೊಂಡೇ ಬರುವ ಹುಡುಗರಿದ್ದರು. ಸಮಾಜ ಪಾಠದ ಮಧ್ಯೆ ಯಾರದೋ ಬೆರಳ ಸಂದಿಯಿಂದ ರಕ್ತ ಇಳಿದು ನೆಲ ಕೆಂಪಾದರೆ ಗಾಬರಿಯಾಗುತ್ತಿದ್ದದ್ದು ಬಯಲುಸೀಮೆಯಿಂದ ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರು ಮಾತ್ರ. ಅಂಥವರಿಗೆ ಇದು ಮಲೆನಾಡಿನ ಮೊದಲ ಪಾಠ, ಕಲಿಸಿದವರು ವಿದ್ಯಾರ್ಥಿಗಳು.

ಇದ್ದ ಎರಡು ಜೊತೆ ಸಮವಸ್ತ್ರ ಬಿಸಿಲಿಲ್ಲದೆ ಒಣಗುವುದು ಒಲೆಯ ಮೇಲಿನ ಅಟ್ಟದಲ್ಲಿ. ಹಾಗಾಗಿ ಜುಲೈ ತಿಂಗಳಲ್ಲಿ ಇಡೀ ತರಗತಿಗೆ ಹೊಗೆಯ ವಾಸನೆ. ಯಾರ ಮನೆಯಲ್ಲಿ ಕಾಫಿ ಕಟ್ಟಿಗೆ ಉರಿಸುತ್ತಾರೆ, ಯಾರ ಮನೆಯಲ್ಲಿ ಹಸಿ ಸೌದೆ ಎಂಬುದನ್ನು ಅಂಗಿ ಮೂಸಿ ಹೇಳಬಲ್ಲ ತಜ್ಞರೂ ಹಿಂದಿನ ಬೆಂಚಿನಲ್ಲಿದ್ದರು. ಹಂಚಿನ ಮಾಡಿನ ಮೇಲೆ ಜಡಿಮಳೆ ಬೀಳತೊಡಗಿದರೆ ಮೇಷ್ಟ್ರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕೊನೆಗೆ ಅವರು ಸೋತು ಬೋರ್ಡಿನ ಮೇಲೆ ಬರೆದು ಕೂರುತ್ತಿದ್ದರು. ಆ ಹೊತ್ತಿಗೆ ನಡೆಯುತ್ತಿದ್ದ ಚರ್ಚೆ ಒಂದೇ: "ನಿಮ್ಮಲ್ಲಿ ಎಷ್ಟು ಇಂಚು?" ಕಾಫಿ ಬೆಳೆಗಾರರು ಮಳೆಯನ್ನು ಇವತ್ತಿಗೂ ಇಂಚು, ಸೆಂಟಿನಲ್ಲೇ ಅಳೆಯುತ್ತಾರೆ. ದಶಮಾಂಶ ಭಿನ್ನರಾಶಿ ಪರೀಕ್ಷೆಯಲ್ಲಿ ತಪ್ಪು ಮಾಡುವ ಹುಡುಗ ತೋಟದ ಮಳೆ ಲೆಕ್ಕವನ್ನು ಜೂನ್ ಒಂದರಿಂದ ಕೂಡಿಸಿ ಬಾಯಲ್ಲೇ ಹೇಳುತ್ತಿದ್ದ.

ಕಾರಣಗಳ ಪಟ್ಟಿಯಲ್ಲಿ ಒಂದೇ ಒಂದು ಸಲ ಬಂದು ಹೋದ ಹೆಸರೂ ಇದೆ. 1978ರಲ್ಲಿ ಮೂಡಿಗೆರೆ ತಾಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ತಮ್ಮ ಚಿಕ್ಕಮಗಳೂರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ನವೆಂಬರ್‌ನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಇಲ್ಲಿ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದರು. ನಕ್ಷೆಯಲ್ಲಿ ಚಿಕ್ಕಮಗಳೂರು ಎಲ್ಲಿದೆ ಎಂದು ದೆಹಲಿಯವರು ಹುಡುಕಿದ ಕಾಲ ಅದು. ಆ ದಿನಗಳಲ್ಲಿ ಹೈಸ್ಕೂಲಿನಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. "ಇಂದಿರಾ ಗಾಂಧಿ ನೋಡಕ್ಕೆ ಹೋಗಿದ್ದೆ ಸಾರ್" ಎಂದರೆ ಮೇಷ್ಟ್ರು ಬೈಯುವ ಬದಲು "ಕಂಡ್ರಾ?" ಎಂದು ಕೇಳುತ್ತಿದ್ದರು ಎಂದು ಅವರು ಈಗಲೂ ಹೇಳಿ ನಗುತ್ತಾರೆ.

ಇನ್ನೊಬ್ಬ ದೊಡ್ಡ ಮನುಷ್ಯ ಊರಿನಲ್ಲೇ ಇದ್ದರು, ಆದರೆ ಅವರನ್ನು ನೋಡಲು ಯಾರೂ ಶಾಲೆ ತಪ್ಪಿಸಬೇಕಾಗಿರಲಿಲ್ಲ. ಸ್ಕೂಟರಿನಲ್ಲಿ ಮೂಡಿಗೆರೆ ಪೇಟೆಗೆ ಬಂದು ಹೋಗುತ್ತಿದ್ದ ಗಡ್ಡದ ತೋಟಗಾರರೇ ಪೂರ್ಣಚಂದ್ರ ತೇಜಸ್ವಿ. ಪುಸ್ತಕ ಬರೆದವರೆಲ್ಲ ಸತ್ತವರು ಎಂದೇ ನಂಬಿದ್ದ ಹುಡುಗರಿಗೆ, ಗ್ಯಾರೇಜಿನಲ್ಲಿ ಸ್ಕೂಟರ್ ರಿಪೇರಿಗೆ ನಿಂತಿರುವವರು 'ಕರ್ವಾಲೊ' ಬರೆದವರು ಎಂದರೆ ನಂಬಿಕೆ ಬರುತ್ತಿರಲಿಲ್ಲ. 1980ರಲ್ಲಿ ಬಂದ ಆ ಕಾದಂಬರಿ ಹಾರುವ ಓತಿಯನ್ನು ಪ್ರಸಿದ್ಧ ಮಾಡಿತು. ಹಾರುವ ಓತಿ ಹುಡುಕಿಕೊಂಡು ತೋಟದೊಳಗೆ ಹೊಕ್ಕು ಬೆಲ್ ತಪ್ಪಿಸಿಕೊಂಡವರ ಕಾರಣವನ್ನು ಕನ್ನಡ ಪಂಡಿತರು ಮನ್ನಿಸಿದರೆ ವಿಜ್ಞಾನದ ಮೇಷ್ಟ್ರು ಹೊಡೆಯುತ್ತಿದ್ದರು. ಇದು ತಿರುಗುಮುರುಗಾಗಿರಬೇಕಿತ್ತು.

ನವೆಂಬರ್ ಬಂದರೆ ಹಳ್ಳ ಇಳಿಯುತ್ತದೆ, ಕಾರಣ ಬದಲಾಗುತ್ತದೆ. ಅರೇಬಿಕಾ ಹಣ್ಣಾಗುವ ಕಾಲ. ಆಮೇಲೆ ಸಂಕ್ರಾಂತಿಯ ಆಸುಪಾಸಿನಿಂದ ರೋಬಸ್ಟಾ. ತೋಟದ ಕೂಲಿಕಾರರಿರುವ ಲೈನ್ ಮನೆಗಳ ಮಕ್ಕಳಲ್ಲಿ ಎಷ್ಟೋ ಮಂದಿ ಅಮ್ಮನ ಜೊತೆ ಕುಯ್ಲಿಗೆ ಹೋಗುತ್ತಿದ್ದರು, ಕೂಲಿ ಕೆ.ಜಿ. ಲೆಕ್ಕ. ಜನವರಿಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಗುರುತು ಸಾಲಾಗಿ ಬೀಳುತ್ತಿತ್ತು. ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಎರಡು ತಿಂಗಳಿರುವಾಗಲೇ ಹೀಗಾಗುತ್ತಿದ್ದದ್ದು ಇಲ್ಲಿಯ ಶಾಲೆಗಳ ನಿಜವಾದ ಕಷ್ಟ. ಇದರಲ್ಲಿ ತಮಾಷೆ ಇಲ್ಲ. ತಡವಾದ ಮಗು ನಾಳೆ ಬರುತ್ತದೆ. ಕುಯ್ಲಿಗೆ ಹೋದ ಮಗು ಎಷ್ಟೋ ಸಲ ಬರುವುದೇ ಇಲ್ಲ.

1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟಿತು. ಅದರ ಬಿಸಿ ತಟ್ಟಿದ್ದು ಮೂಡಿಗೆರೆಯ ಹೈಸ್ಕೂಲುಗಳಿಗೆ ಎಂದರೆ ಉತ್ಪ್ರೇಕ್ಷೆಯಲ್ಲ. ಜಗತ್ತಿನ ಪೇಟೆಯಲ್ಲಿ ದರ ಏರಿತು. ಅದೇ ವರ್ಷಗಳಲ್ಲಿ ಕಾಫಿ ಬೋರ್ಡಿನ ಕಡ್ಡಾಯ ಖರೀದಿ ಹಂತಹಂತವಾಗಿ ಸಡಿಲವಾಗಿ, ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. ಕೈಯಲ್ಲಿ ದುಡ್ಡು ಓಡಾಡಿದಾಗ ಮೊದಲು ಬಂದದ್ದು ಜೀಪು, ಆಮೇಲೆ ಮಕ್ಕಳನ್ನು ಘಟ್ಟದ ಕೆಳಗೆ ಓದಿಸುವ ಆಸೆ. ಚಾರ್ಮಾಡಿ ಇಳಿದರೆ ಉಜಿರೆ, ಮುಂದಕ್ಕೆ ಮೂಡುಬಿದಿರೆ, ಮಂಗಳೂರು. ಹಾಸ್ಟೆಲ್, ಇಂಗ್ಲಿಷ್ ಮೀಡಿಯಂ, ಟೈ. ಅದುವರೆಗೆ ತೋಟದ ಯಜಮಾನರ ಮಗನೂ ಅದೇ ತೋಟದ ರೈಟರ ಮಗಳೂ ಆಳಿನ ಮಗನೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಬೆತ್ತದ ಏಟು ತಿನ್ನುತ್ತಿದ್ದರು. ಆ ಬೆಂಚು ಮೆಲ್ಲನೆ ಖಾಲಿಯಾಯಿತು. ಕಾಫಿ ಸೀಮೆಯ ಹೈಸ್ಕೂಲು ಬದಲಾದದ್ದು ಕಟ್ಟಡಕ್ಕೆ ತಾರಸಿ ಬಂದಾಗಲೂ ಅಲ್ಲ, ಕಂಪ್ಯೂಟರ್ ಬಂದಾಗಲೂ ಅಲ್ಲ. ಆ ಬೆಂಚು ಒಡೆದಾಗ.

ಉಳಿದವರಿಗೆ ಬಸ್ಸು ಬಂತು. ಕೊಪ್ಪದ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ 'ಸಹಕಾರ ಸಾರಿಗೆ' ಕಟ್ಟಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕುಗಳೇ ಮಾಲೀಕರಾದ ಈ ಸಂಸ್ಥೆಯ ಬಸ್ಸುಗಳು ಕೊಪ್ಪ, ಶೃಂಗೇರಿ, ಕಳಸ, ತೀರ್ಥಹಳ್ಳಿ ಕಡೆಯ ಮೂಲೆಗಳಿಗೂ ಹೋದವು. ಮಕ್ಕಳಿಗೆ ರಿಯಾಯಿತಿ ಪಾಸು. ಒಂದು ಬಸ್ಸಿನಲ್ಲಿ ಎಷ್ಟು ಮಕ್ಕಳು ಹಿಡಿಸುತ್ತಾರೆ ಎಂಬ ಪ್ರಶ್ನೆಗೆ ಮಲೆನಾಡಿನ ಕಂಡಕ್ಟರುಗಳು ಕೊಟ್ಟ ಉತ್ತರ ಯಾವ ಗಣಿತ ಪುಸ್ತಕದಲ್ಲೂ ಇಲ್ಲ: "ಇನ್ನೂ ನಾಲ್ಕು ಜನ ಹಿಂದೆ ಹೋಗ್ರಿ." ಅಲ್ಲಿಂದ ಮುಂದೆ ಕಾರಣ ಸುಲಭವಾಯಿತು. "ಬಸ್ಸು ಕೆಟ್ಟಿತ್ತು ಸಾರ್" ಎಂದರೆ ಸಾಕ್ಷಿಗೆ ನಲವತ್ತು ಮಂದಿ ಹಿಂದೆಯೇ ನಿಂತಿರುತ್ತಿದ್ದರು, ಕೆಲವೊಮ್ಮೆ ಅದೇ ಬಸ್ಸಿನಲ್ಲಿ ಬಂದ ಮೇಷ್ಟ್ರೂ ಸೇರಿ. ನಷ್ಟ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಆ ಬಸ್ಸುಗಳು ನಿಂತವು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಆದರೆ ಸರ್ಕಾರಿ ಬಸ್ಸೇ ಹೋಗದ ಊರಿನ ಹುಡುಗಿಗೆ ಅದರಿಂದ ಏನು ಬಂತು?

ಕಳಸದ ಕಡೆಯವರಿಗೆ ಕುದುರೆಮುಖದ ನೆನಪು ಬೇರೆಯೇ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾಗಿ, ಕಾಡಿನ ನಡುವೆ ವಿದ್ಯುದ್ದೀಪಗಳ ಟೌನ್‌ಶಿಪ್ ಎದ್ದಿತು. ದೇಶದ ಮೂಲೆಮೂಲೆಯಿಂದ ಬಂದವರ ಮಕ್ಕಳು ಹಿಂದಿ, ಇಂಗ್ಲಿಷ್ ಮಾತಾಡುವುದನ್ನು ಕಳಸದ ಹುಡುಗರು ಬೆರಗಿನಿಂದ ಕೇಳಿದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಟೌನ್‌ಶಿಪ್ ಬರಿದಾಯಿತು.

ಅದೇ ಹೊತ್ತಿಗೆ ಸರ್ಕಾರಿ ಹೈಸ್ಕೂಲಿಗೆ ಒಂದರ ಹಿಂದೆ ಒಂದು ಸವಲತ್ತು ಬಂದವು. 2006–07ರಲ್ಲಿ ಎಂಟನೇ ತರಗತಿಗೆ ಸೈಕಲ್ ಯೋಜನೆ ಶುರುವಾಯಿತು. ಬಯಲುಸೀಮೆಯ ತಲೆಯಲ್ಲಿ ಹುಟ್ಟಿದ ಯೋಜನೆ ಅದು. ಮಲೆನಾಡಿನಲ್ಲಿ ಬೆಳಿಗ್ಗೆ ಹುಡುಗ ಸೈಕಲ್ಲನ್ನು ತಳ್ಳಿಕೊಂಡು ಗುಡ್ಡ ಹತ್ತಬೇಕಿತ್ತು, ಸಂಜೆ ಇಳಿಜಾರಿನಲ್ಲಿ ಅದು ಹುಡುಗನನ್ನು ತನಗೆ ಬೇಕಾದಲ್ಲಿಗೆ ಕರೆದೊಯ್ಯುತ್ತಿತ್ತು. "ಬ್ರೇಕ್ ಹಿಡೀಲಿಲ್ಲ ಸಾರ್" ಎಂಬುದು ಪಟ್ಟಿಗೆ ಸೇರಿತು, ಮೊಣಕಾಲಿನ ಗಾಯದ ಸಾಕ್ಷಿಯೊಂದಿಗೆ. 2007ರಲ್ಲಿ ಬಿಸಿಯೂಟ ಹೈಸ್ಕೂಲಿಗೂ ಬಂತು. 2013ರ ಆಗಸ್ಟ್ ಒಂದರಿಂದ ಕ್ಷೀರಭಾಗ್ಯದ ಹಾಲು. ತಣ್ಣಗಾದ ಅಕ್ಕಿರೊಟ್ಟಿ, ಕಾರದ ಚಟ್ನಿಯ ಡಬ್ಬಿಯನ್ನು ಪರಸ್ಪರ ಕದಿಯುವ ಕಲೆ ಅಲ್ಲಿಗೆ ಮುಗಿಯಿತು. ಹಸಿದ ಮಗುವಿನ ಮುಂದೆ ಅದೇನೂ ದೊಡ್ಡ ನಷ್ಟವಲ್ಲ.

ಸಾಧನೆಯ ಮಾತು ಬಂದರೆ ಜಿಲ್ಲೆಯವರು ಹೇಳುವ ಹೆಸರುಗಳಲ್ಲಿ ಇಬ್ಬರು ಹೆಣ್ಣುಮಕ್ಕಳು ಮುಂದಿದ್ದಾರೆ. ಕಡೂರಿನ ವೇದಾ ಕೃಷ್ಣಮೂರ್ತಿ 2011ರಲ್ಲಿ, ಹದಿನೆಂಟನೇ ವಯಸ್ಸಿಗೆ, ಭಾರತ ಕ್ರಿಕೆಟ್ ತಂಡಕ್ಕೆ ಆಡಿ ಮೊದಲ ಪಂದ್ಯದಲ್ಲೇ ಅರ್ಧಶತಕ ಹೊಡೆದರು. ಇನ್ನೊಬ್ಬರು ಮೂಡಿಗೆರೆ ತಾಲೂಕಿನ ಹಳ್ಳಿಯ ರಕ್ಷಿತಾ ರಾಜು. ಕಣ್ಣು ಕಾಣದ, ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದ ಅವರು ಓದಿದ್ದು ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ. ಜೊತೆಗಾರನ ಕೈಗೂ ತನ್ನ ಕೈಗೂ ಸೇರಿದ ಒಂದು ತುಂಡು ದಾರದ ನಂಬಿಕೆಯ ಮೇಲೆ ಓಡುವ ಓಟ ಅವರದು. 2018ರಲ್ಲಿ ಜಕಾರ್ತಾದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ, 2023ರಲ್ಲಿ ಹಾಂಗ್‌ಝೌನಲ್ಲಿ ಅದೇ ಓಟದಲ್ಲಿ ಮತ್ತೆ ಚಿನ್ನ, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್. ಆಗಸ್ಟಿನ ಕೆಸರಿನಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ ನಡೆದು, ಕಬಡ್ಡಿ ಅಂಕಣದಲ್ಲಿ ಯಾರು ಯಾವ ತಂಡ ಎಂದು ಗುರುತೇ ಸಿಗದೆ ರೆಫರಿ ಪರದಾಡುವ ಊರುಗಳಿಂದ ಇಷ್ಟು ದೂರ ಓಡಿದವರಿದ್ದಾರೆ.

ಪರೀಕ್ಷೆಯ ವಿಷಯದಲ್ಲಿ ಮಲೆನಾಡಿನ ಹುಡುಗರೂ ಎಲ್ಲ ಕಡೆಯವರಂತೆಯೇ. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಲ್ಲಿ ವೆಬ್ ಕ್ಯಾಮೆರಾ ಕಣ್ಣಿಟ್ಟಿತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಸೇರಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಆ ಹತ್ತು ಚಿಲ್ಲರೆ ಎಲ್ಲಿಂದ ಬಂದಿತ್ತು ಎಂದು ಹಳೆಯ ಮೇಷ್ಟ್ರನ್ನು ಕೇಳಿದರೆ ಕಿಟಕಿಯ ಕಡೆ ನೋಡಿ ನಗುತ್ತಾರೆ.

ಮತ್ತೆ ಕಾರಣಗಳ ಪಟ್ಟಿಗೆ ಬಂದರೆ, ಕೊರೋನಾ ಕಾಲದಲ್ಲಿ ಶಾಲೆಯೇ ಮನೆಗೆ ಬಂತು, ನೆಟ್‌ವರ್ಕ್ ಬರಲಿಲ್ಲ. ಮಕ್ಕಳು ಗುಡ್ಡದ ನೆತ್ತಿ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದರು. "ಸಿಗ್ನಲ್ ಇರ್ಲಿಲ್ಲ ಸಾರ್" ಎಂಬುದು ಹಳ್ಳದ ಕಾರಣದ ಮೊಮ್ಮಗ. ನಿಜವೂ ಹೌದು, ಬೇಕಾದಾಗ ಸುಳ್ಳೂ ಹೌದು. ಈಗ ಮಳೆ ಜೋರಾದರೆ ರಜೆಯ ಆದೇಶ ಮೊಬೈಲಿಗೇ ಬರುತ್ತದೆ. ಜುಲೈ ತಿಂಗಳಲ್ಲಿ ಜಿಲ್ಲಾಧಿಕಾರಿಯಷ್ಟು ಮಕ್ಕಳ ಪ್ರೀತಿ ಗಳಿಸಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಆದರೆ 2019ರ ಆಗಸ್ಟಿನಲ್ಲಿ ಮಲೆಮನೆಯಂಥ ಊರುಗಳಲ್ಲಿ ಗುಡ್ಡವೇ ಮನೆಗಳ ಮೇಲೆ ಜಾರಿ ಬಂದಾಗ, ರಜೆ ಎಂಬ ಪದ ಮೂಡಿಗೆರೆಯ ಮಕ್ಕಳ ಕಿವಿಗೆ ಬೇರೆ ತರಹ ಕೇಳಿಸಿತು.

ಇನ್ನೊಂದು ಕಾರಣದ್ದು ವಿಚಿತ್ರ ಕಥೆ. ನಲವತ್ತು ವರ್ಷದ ಹಿಂದೆ "ದಾರೀಲಿ ಆನೆ ಇತ್ತು ಸಾರ್" ಎಂದವನಿಗೆ ಎರಡು ಏಟು ಹೆಚ್ಚಿಗೆ ಬೀಳುತ್ತಿತ್ತು, ಸುಳ್ಳಿಗೂ ಒಂದು ಮಿತಿ ಬೇಡವೇ ಎಂದು. ಈಗ ಅದು ಪಟ್ಟಿಯಲ್ಲಿ ಅತಿ ಗಟ್ಟಿಯಾದ ಸತ್ಯ. ಊರುಬಗೆ ಕಡೆ ಜನರನ್ನು ಕೊಂದು, 2022ರ ಡಿಸೆಂಬರ್‌ನಲ್ಲಿ ಸೆರೆಯಾದ ಕಾಡಾನೆಗೆ 'ಮೂಡಿಗೆರೆ ಭೈರ' ಎಂದೇ ಹೆಸರು. ಆನೆ ಎಲ್ಲಿದೆ ಎಂಬ ಸಂದೇಶ ನೋಡಿಕೊಂಡೇ ತೋಟದ ದಾರಿಯ ಮಕ್ಕಳನ್ನು ಕಳಿಸುವ ಮನೆಗಳಿವೆ.

ನಡೆದು ಬರುವ ಮಕ್ಕಳೇ ಈಗ ಕಡಿಮೆ. ಖಾಸಗಿ ಶಾಲೆಯ ಹಳದಿ ಬಸ್ಸು ತೋಟದ ಗೇಟಿಗೇ ಬರುತ್ತದೆ. ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಕಾರರಿದ್ದಾರೆ. ಅವರ ಮಕ್ಕಳು ಊರಿನ ಕನ್ನಡ ಶಾಲೆಗೆ ಸೇರಿ, ಎರಡು ಮಳೆಗಾಲದೊಳಗೆ 'ಮಾರಾಯ' ಎನ್ನುವಷ್ಟು ಕನ್ನಡ ಕಲಿತಿರುತ್ತಾರೆ. ಅವರಲ್ಲಿ ಎಷ್ಟು ಮಂದಿ ಹೈಸ್ಕೂಲಿನವರೆಗೆ ಬರುತ್ತಾರೆ ಎಂಬುದು ಅಪ್ಪ ಮುಂದಿನ ವರ್ಷ ಯಾವ ತೋಟಕ್ಕೆ ಹೋಗುತ್ತಾನೆ ಎಂಬುದರ ಮೇಲಿದೆ.

ಶಾಲೆಗಳ ಪ್ರವೇಶ ದಾಖಲೆ ಕಪಾಟಿನಲ್ಲಿ ಭದ್ರವಾಗಿರುತ್ತದೆ. ಹಳೆಯ ಗ್ರೂಪ್ ಫೋಟೊ, ಕೈಬರಹದ ಗೋಡೆ ಪತ್ರಿಕೆ, ವಾರ್ಷಿಕೋತ್ಸವದ ಕರಪತ್ರಗಳಿಗೆ ಆ ಭಾಗ್ಯವಿಲ್ಲ. ಮಲೆನಾಡಿನ ತೇವಕ್ಕೂ ಗೆದ್ದಲಿಗೂ ಅವು ಸುಲಭದ ತುತ್ತು. ಈ ಕಡೆಯ ಹೈಸ್ಕೂಲಿನಲ್ಲಿ ಓದಿದ ಓದುಗರ ಮನೆಯ ಅಟ್ಟದಲ್ಲಿ ಅಂಥದ್ದೊಂದು ಫೋಟೊ ಇದ್ದರೆ, ಮುಂದಿನ ಮಳೆಗಾಲಕ್ಕೆ ಮೊದಲೇ ಕೆಳಗಿಳಿಸಿ, ಹಿಂದೆ ಪೆನ್ಸಿಲಿನಲ್ಲಿ ಎಲ್ಲರ ಹೆಸರು ಬರೆದಿಡಿ. ಫೋಟೊ ತೆಗೆಯುವ ದಿನವೂ ತಡವಾಗಿ ಬಂದು ಅದರಲ್ಲಿ ಇಲ್ಲದವರ ಹೆಸರನ್ನೂ.